ರೇಡಿಯೊ ಕೆಟ್ಟಿರಲಿಲ್ಲ

ಬಿಂದು,

ಆಯುಧಪೂಜೆಯಲ್ಲಿ ನೀನು ವಿಭೂತಿ ಹಚ್ಚಿ ಸಂಗಮದ ನೀರು ಚಿಮುಕಿಸಿದ್ದರಿಂದ ರೇಡಿಯೊ ಕೆಟ್ಟಿತು ಎಂದದ್ದು ತಪ್ಪು, ಅದು ಕೆಟ್ಟೇ ಇರಲಿಲ್ಲ. ಬಲಗಡೆಯ ಗುಂಡಿ ಗ್ರಾಮಫೋನಿನ ಗುರುತಿಗೆ ತಿರುಗಿತ್ತು, ಅಲ್ಲಿದ್ದರೆ ಯಾವ ಸ್ಟೇಷನ್ನೂ ಬರುವುದಿಲ್ಲ. ಹಿಂದಿನ ದಿನ ಧೂಳು ಒರೆಸುವಾಗ ತಿರುಗಿಸಿದವನು ನಾನೇ. ನೀರು ಒಣಗಲಿ ಎಂದು ಬಿಟ್ಟಿದ್ದೆ, ಇವತ್ತು ಬೆಳಿಗ್ಗೆ ಕಣ್ಣಿಗೆ ಬಿತ್ತು.

ನಿನ್ನ ಗಂಡನಿಗೆ ಕಾಯಬೇಡ, ನೀನೇ ಹಾಕು. ಎಡಗಡೆಯ ಗುಂಡಿಯನ್ನು ಟಕ್ ಎನ್ನುವವರೆಗೆ ತಿರುಗಿಸು. ಒಗ್ಗರಣೆಗೆ ಎಣ್ಣೆ ಕಾಯುವಷ್ಟು ಹೊತ್ತು ಸುಮ್ಮನಿರುತ್ತದೆ, ಒಳಗಿನ ವಾಲ್ವ್ ಬಿಸಿಯಾಗಬೇಕು. ಆಮೇಲೆ ಬಲಗಡೆಯದನ್ನು ಶಾರ್ಟ್‌ವೇವ್‌ಗೆ ತಂದು, ನಡುವಿನ ದೊಡ್ಡ ಗುಂಡಿಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿಸುತ್ತಾ ಹೋಗು. ಕಡಲೆ ಹುರಿದಂಥ ಸದ್ದಿನ ಮಧ್ಯೆ ಯಾರದೋ ಮಾತು ಸಿಗುತ್ತದೆ.

ಏರಿಯಲ್ ತಂತಿಯ ಮೇಲೆ ಮಾತ್ರ ಟವೆಲ್ ಒಣಹಾಕಬೇಡ. ಅದನ್ನು ಈಗಲೂ ಹೇಳುತ್ತೇನೆ.

ಗಾಜಿನ ಮೇಲಿದ್ದ ವಿಭೂತಿಯನ್ನು ಸಿಟ್ಟಿನಲ್ಲಿ ಒರೆಸಿಬಿಟ್ಟೆ. ನೀನೇ ಮತ್ತೆ ಹಚ್ಚು.

ಹಬ್ಬದ ಊಟಕ್ಕೆ ಬಂದಿದ್ದ ನಿನ್ನ ಅಪ್ಪನ ಎದುರಿಗೇ, "ನೀರ್ ಉಯ್ದು ಆಳ್ ಮಾಡ್ಬುಟ್ಟಲ್ಲಮ್ಮ, ನಿಮ್ಮನೇಲಿ ಇದ್ನೇ ಕಲ್ಸಿದ್ದಾ?" ಎಂದುಬಿಟ್ಟೆ. ಬೀಗರು ಎಲೆಯ ಮುಂದೆ ತಲೆ ತಗ್ಗಿಸಿದರು. ನೀನು ಅವರಿಗೆ ಸಾರು ಬಡಿಸಿದೆ. ಅದೇ ಕಣ್ಣ ಮುಂದೆ ಬರುತ್ತದೆ. ನಿನ್ನ ಮುಖ ನೋಡಲಾರದೆ, ನೀನು ಹಿತ್ತಲಲ್ಲಿದ್ದಾಗಲೇ ಇದನ್ನು ಬರೆದಿಟ್ಟು ಹೊರಟಿದ್ದೇನೆ.

ಅಂದದ್ದು ನಾಲ್ಕು ಜನರ ಎದುರಿಗೆ, ಅದಕ್ಕೆ ಚೀಟಿ ಸಾಲದು. ನಂಜನಗೂಡಿನ ಬಸ್ಸು ಹಿಡಿದು ನಿನ್ನ ತವರು ಕಳಲೆಗೆ ಹೋಗುತ್ತೇನೆ. ಬೀಗರು ಊಟಕ್ಕೆ ಏಳಿ ಎಂದರೂ, ತಪ್ಪು ನನ್ನದೇ ಎಂದು ಹೇಳಿದ ಮೇಲೇ ಕೈ ತೊಳೆಯುವುದು.

ಅವರು ಏಳಿ ಎನ್ನದೆಯೂ ಇರಬಹುದು. ನನಗೂ ಒಂದು ಮುದ್ದೆ ಇಟ್ಟಿರು.

ಮಾವ