ಅತ್ತೆಯ ವಾರದ ರಜೆ

ಮಾರ್ಚ್ 3, ಸೋಮವಾರ. ಬೆಳಗ್ಗೆ ಹನ್ನೊಂದು

ಗಿರಾಕಿ ಇಲ್ಲ. ಅಂಗಡಿಯ ಕೌಂಟರಿನಲ್ಲೇ ಕೂತು ಬರೆಯುತ್ತಿದ್ದೇನೆ. ಯಜಮಾನ ಅನ್ನಿಸಿಕೊಂಡವನಿಗೆ ಇಷ್ಟು ಸ್ವಾತಂತ್ರ್ಯವಾದರೂ ಬೇಡವೇ.

ಹಿಂದೆ ಎರಡು ಹೊಲಿಗೆ ಮೆಷಿನ್ನಿನ ಸದ್ದು. ಕಟಿಂಗ್ ಮಾಸ್ಟರ್ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾನೆ — ಅರ್ಧ ಅರ್ಥವಾಗುವುದಿಲ್ಲ, ಒಳ್ಳೆಯದೇ. ಕಿಟಕಿಯ ಪಕ್ಕ ಅತ್ತೆ, ಕಾಜಾ ಹೊಲಿಯುತ್ತಾ. ಗುಂಡಿ ತೂರುವ ಆ ಪುಟ್ಟ ಕಿಂಡಿಗೆ ಕೈಯಲ್ಲೇ ಅಂಚು ಕಟ್ಟುವುದರಲ್ಲಿ ಈ ಬೀದಿಯಲ್ಲಿ ಅವರ ಸಮ ಯಾರೂ ಇಲ್ಲ. ಬಾಯಲ್ಲಿಯೂ ಇಲ್ಲ.

ಆಸ್ಪತ್ರೆಯ ಆರ್ಡರ್ ಸಿಕ್ಕಿತು! ಡಾಕ್ಟರುಗಳ ಬಿಳಿ ಕೋಟು. ಇಪ್ಪತ್ತೊಂದಕ್ಕೆ ಕೊಡಬೇಕು. ಚೆನ್ನಾಗಿ ಬಂದರೆ ಪ್ರತಿವರ್ಷ ನಮಗೇ ಅಂತೆ.

"ಅತ್ತೆ, ಇದು ನಾನು ತಂದ ಆರ್ಡರು" ಅಂದೆ.

"ಹೂಂ. ಕೋಟು ಅಳಿಯಂದ್ರು ತರ್ತಾರೆ, ಕಾಜಾ ದೇವರು ಹೊಲೀತಾನೆ." ತಲೆ ಕೂಡ ಎತ್ತಲಿಲ್ಲ.

ಮಾರ್ಚ್ 5, ಬುಧವಾರ

ಆಡಿಟರ್ ಬಂದಿದ್ದ. ಸಂಬಳದ ಮೇಲಿನ ತೆರಿಗೆ, ವಿಮೆ, ಹಾಜರಿ ಪುಸ್ತಕ — ಇನ್ನು ಮೇಲೆ ಚಿಕ್ಕ ಅಂಗಡಿಗಳಿಗೂ ಉಂಟಂತೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಕಿಟಕಿಯ ಕಡೆ ಹೋಯಿತು.

"ಅವರು ಯಾರು?"

"ನಮ್ಮ ಅತ್ತೆ."

"ಸಂಬಳ?"

"ಅತ್ತೆಗೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ?"

"ಇನ್ಸ್‌ಪೆಕ್ಟರ್ ಬಂದ್ರೆ ಸೂಜಿ ಹಿಡಿದೋರೆಲ್ಲ ಕೆಲಸದೋರೇ. ದಂಡ ಬೀಳುತ್ತೆ. ಹೆಸರು ಸೇರಿಸಿಬಿಡಿ. ಸಂಬಳ ಖರ್ಚಿನ ಲೆಕ್ಕಕ್ಕೆ ಹೋಗುತ್ತೆ, ದುಡ್ಡು ಮನೇಲೇ ಉಳಿಯುತ್ತೆ."

ಎಡಜೇಬಿನಿಂದ ಬಲಜೇಬಿಗೆ! ತಲೆ ಅಂದರೆ ತಲೆ.

ಸಂಜೆಯೇ ಅಪಾಯಿಂಟ್‌ಮೆಂಟ್ ಲೆಟರ್ ಬರೆದೆ. ಅತ್ತೆ ಕನ್ನಡಕ ಒರೆಸಿಕೊಂಡು ಕೊನೆಯವರೆಗೂ ಓದಿದರು. ಆಮೇಲೆ ನನ್ನ ತಲೆಯ ಮೇಲೆ, ಗೋಡೆಗೆ ತೂಗುಹಾಕಿರುವ ಲೈಸೆನ್ಸಿನ ಫ್ರೇಮಿನ ಕಡೆ ನೋಡಿದರು. ಮಾವನವರ ಕಾಲದ್ದಿರಬೇಕು, ನೂಲಿನ ಧೂಳು ಕೂತು ಗಾಜೇ ಕಾಣುತ್ತಿಲ್ಲ. ನಕ್ಕು ಸಹಿ ಹಾಕಿದರು.

"ಯಾಕೆ ನಕ್ಕಿರಿ?"

"ಏನಿಲ್ಲಪ್ಪ. ಕೆಳಗಡೆ 'ಮಾಲೀಕರು' ಅಂತ ಬರೆದು ಸಹಿ ಹಾಕಿದೀರಲ್ಲ, ಅಕ್ಷರ ದುಂಡಗಿದೆ."

ಮಾರ್ಚ್ 11, ಮಂಗಳವಾರ

ಲೇಬರ್ ಆಫೀಸಿನವರು ಕಾರ್ಮಿಕರ ಹಕ್ಕುಗಳ ದೊಡ್ಡ ಪೋಸ್ಟರ್ ಕಳಿಸಿದ್ದಾರೆ. ಎಲ್ಲರಿಗೂ ಕಾಣುವಂತೆ ಅಂಟಿಸಬೇಕಂತೆ. ಟೀ ಕುಡಿಯುವ ಮೂಲೆಯಲ್ಲಿ ಅಂಟಿಸಿದೆ. ನನ್ನ ಬುದ್ಧಿಗಿಷ್ಟು.

ಈಗ ಟೀ ಜೊತೆ ಎಲ್ಲರೂ ಅದನ್ನೇ ಓದುತ್ತಾರೆ. ಅತ್ತೆ ಗಟ್ಟಿಯಾಗಿ ಓದುತ್ತಾರೆ, ಮಾಸ್ಟರ್ ತಲೆಯಾಡಿಸುತ್ತಾನೆ. "ವಾರದ ರಜೆ… ಓವರ್‌ಟೈಮಿಗೆ ಎರಡರಷ್ಟು… ಅಯ್ಯೋ, ಎಷ್ಟು ಚೆನ್ನಾಗಿ ಬರೆದಿದಾರೆ!"

ಇವತ್ತು ಅತ್ತೆ ಅರ್ಧ ದಿನ ಇರಲಿಲ್ಲ. ವರ್ಷಕ್ಕೊಮ್ಮೆ ಹೀಗೆ ಒಳ್ಳೆ ಬಟ್ಟೆ ಉಟ್ಟು, ಕೈಚೀಲ ಹಿಡಿದು ಎಲ್ಲಿಗೋ ಹೋಗಿ ಬರುತ್ತಾರೆ. ಕಣ್ಣಿನ ಡಾಕ್ಟರ ಹತ್ತಿರ ಇರಬೇಕು. ಕೇಳಲಿಲ್ಲ.

ಮಾರ್ಚ್ 20, ಗುರುವಾರ

ನಾಳೆ ಡೆಲಿವರಿ, ಕಾಜಾ ಅಷ್ಟೂ ಬಾಕಿ. ಇವತ್ತು ಅತ್ತೆಗೆ ವಾರದ ರಜೆ!

ಬೇಡಿಕೊಂಡೆ. "ಕಾನೂನು ಮುರಿಯೋಕೆ ಹೇಳ್ತೀರಾ?" ಅಂದರು. ಮಧ್ಯಾಹ್ನ ಅಂಗಡಿಗೆ ಬಂದರು. ಪಾಪ, ಮನಸ್ಸು ಕರಗಿರಬೇಕು ಅಂದುಕೊಂಡೆ. ಬಂದವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ರಜೆ ಅಲ್ವಾ ಅತ್ತೆ?"

"ರಜೇನೇ. ಅದಕ್ಕೇ ಸುಮ್ನೆ ನೋಡ್ತಾ ಕೂತಿದೀನಿ."

ಮಾಸ್ಟರ್ ಮೆಷಿನ್ನಿನಲ್ಲಿ ಕಾಜಾ ಹಾಕುತ್ತಿದ್ದ. ಒಂದೊಂದು ಕಾಜಾಗೂ ಅತ್ತೆ "ಚ್ಚು… ಚ್ಚು…" ಅನ್ನುತ್ತಿದ್ದರು. ಪ್ರತಿಸಲವೂ ಅವನು ತಿರುಗಿ ನೋಡಿ ನೋಡಿ ಕಾಜಾಗಳೆಲ್ಲ ಸೊಟ್ಟ.

ನನಗೆ ತಡೆಯಲಾಗಲಿಲ್ಲ. "ಮನೆಯವರಲ್ವಾ ನೀವು?"

"ಎರಡು ವಾರದ ಹಿಂದಿನವರೆಗೂ ಮನೆಯವಳೇ ಆಗಿದ್ದೆ. ಕೆಲಸದವಳು ಅಂತ ಮಾಡಿದ್ದು ನೀವು ತಾನೇ?"

ಮಾರ್ಚ್ 21, ಶುಕ್ರವಾರ

ಮಾನ ಹೋಯಿತು. ಆಸ್ಪತ್ರೆಯ ಮ್ಯಾನೇಜರ್ ಎದುರಿಗೇ ಡಾಕ್ಟರೊಬ್ಬರು ಕೋಟು ಹಾಕಿಕೊಂಡು ಉಸಿರೆಳೆದರು. ಕಾಜಾ ಪರ್ರೆಂದು ಹರಿಯಿತು. ಅಷ್ಟೂ ಕೋಟು ವಾಪಸ್. ಇನ್ನೊಂದು ವಾರ ಟೈಮು, ಆಮೇಲೆ ಆರ್ಡರ್ ರದ್ದು.

ಸಿಟ್ಟು ನೆತ್ತಿಗೇರಿತು. ಬಂದು ಕೂಗಾಡಿದೆ. "ನಾಳೆಯಿಂದ ನೀವು ಬರೋದೇ ಬೇಡ!"

"ಬಾಯಿಮಾತಲ್ಲಿ ತೆಗೆಯೋ ಹಾಗಿಲ್ಲ. ಪೋಸ್ಟರ್ ಓದಿ. ಕಾರಣ ಬರೆದು ನೋಟಿಸ್ ಕೊಡಬೇಕು. ಲೇಬರ್ ಆಫೀಸಿಗೆ ಒಂದು ಕಾಪಿ."

ಕೊಟ್ಟೆ. ಕಾಪಿಯನ್ನೂ ಕಳಿಸಿದೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ! ನನಗೇನು ಕಾನೂನು ಬರುವುದಿಲ್ಲವೇ?

ಮನೆಯಲ್ಲಿ ಅತ್ತೆ ಎಂದಿನಂತೆ ಊಟ ಬಡಿಸಿದರು. ಉಪ್ಪು, ಖಾರ ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಹೆದರಿಕೆಯಾಯಿತು.

ಇವಳು ಪಾತ್ರೆ ಕುಕ್ಕುತ್ತಾ, "ರೀ, ನಮ್ಮಮ್ಮನ್ನ ಕೆಲಸದಿಂದ ತೆಗೆದ್ರಂತೆ. ನಂದೂ ಏನಾದ್ರೂ ನೋಟಿಸ್ ಬರುತ್ತಾ, ಈಗಲೇ ಹೇಳಿಬಿಡಿ" ಅಂದಳು.

ಮಾರ್ಚ್ 26, ಬುಧವಾರ

ಬರೆಯಲು ಮನಸ್ಸಿಲ್ಲ.

ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಮಾಸ್ಟರ್ ಬಾಯಲ್ಲಿ ಪಿನ್ನಿಲ್ಲ, ಆದರೂ ಮಾತಿಲ್ಲ. ಅಂಗಡಿ ಬಿಕೋ ಅನ್ನುತ್ತಿದೆ. ಬೈಯುವವರಿಲ್ಲದೆ ನನಗೆ ಕೆಲಸವೇ ಸಾಗುವುದಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಬನ್ನಿ ಅತ್ತೆ ಅನ್ನೋಣವೆಂದರೆ ನಾಲಿಗೆ ಏಳುತ್ತಿಲ್ಲ. ನಾಡಿದ್ದು ಆಸ್ಪತ್ರೆಯ ಗಡುವು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅಳಿಯನಿಗೆ ಯಾವ ಕಾಲವೋ, ಗಾದೆ ಕಟ್ಟಿದವರು ಹೇಳಲಿಲ್ಲ.

ಮಾರ್ಚ್ 27, ಗುರುವಾರ. ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಲೇಬರ್ ಇನ್ಸ್‌ಪೆಕ್ಟರ್ ಬಂದರು. ನನ್ನ ನೋಟಿಸಿನ ಕಾಪಿ ಅವರ ಕೈಯಲ್ಲಿ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವನು ನಾನೇ, ಅದೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಅತ್ತೆಯನ್ನೂ ಕರೆಸಿದರು.

"ಮಾಲೀಕರು ಯಾರು?"

"ನಾನೇ ಮೇಡಂ." ಎದೆ ಉಬ್ಬಿಸಿದೆ.

"ಲೈಸೆನ್ಸ್ ಎಲ್ಲಿ?"

ತಿರುಗದೆಯೇ ತಲೆಯ ಮೇಲೆ ಬೆರಳು ತೋರಿಸಿದೆ. ಮೇಡಂ ಕರ್ಚೀಫಿನಿಂದ ಗಾಜು ಒರೆಸಿದರು. ಓದಿದರು. ನನ್ನನ್ನು ನೋಡಿದರು. ಮತ್ತೆ ಓದಿದರು.

"ಇದು ಇವರ ಹೆಸರಲ್ಲಿದೆಯಲ್ರೀ!"

ಅತ್ತೆಯ ಹೆಸರು. ದಪ್ಪ ಅಕ್ಷರದಲ್ಲಿ.

"ಯಜಮಾನ್ರು ಹೋದ ಮೇಲೆ ನನ್ನ ಹೆಸರಿಗಾಯ್ತು" ಅಂದರು ಅತ್ತೆ, ಮೆಲ್ಲಗೆ. "ವರ್ಷಾ ವರ್ಷಾ ಹೋಗಿ ದುಡ್ಡು ಕಟ್ಟಿ ಬರ್ತೀನಿ."

ಕಣ್ಣಿನ ಡಾಕ್ಟರು!

"ಅಂದ್ರೆ ನೀವು ಮಾಲೀಕರನ್ನೇ ಕೆಲಸದಿಂದ ತೆಗೆದಿದೀರಾ?" ಮೇಡಂ ನೋಟಿಸನ್ನು ಹಿಂದೆ ಮುಂದೆ ತಿರುಗಿಸಿದರು. "ನನ್ನ ಸರ್ವೀಸಲ್ಲಿ ಇದೇ ಮೊದಲು." ಮಾಸ್ಟರ್ ಕೆಮ್ಮತೊಡಗಿದ. ಪಿನ್ನು ನುಂಗಿದನೋ ಅಂತ ಇನ್ನೊಂದು ಗಾಬರಿ.

ಮೇಡಂ ಅತ್ತೆಯ ಕಡೆ ತಿರುಗಿದರು. "ಹಾಗಾದ್ರೆ ಕೌಂಟರಲ್ಲಿ ಕೂತಿರೋ ಇವರು ಯಾರು?"

"ನಮ್ಮ ಅಳಿಯಂದ್ರು."

"ಸಂಬಳ?"

"ಅಳಿಯಂಗೆ ಯಾರಾದ್ರೂ ಸಂಬಳ ಕೊಡ್ತಾರಾ ತಾಯಿ?"

"ಸಂಬಳ ಇಲ್ಲ, ರಜೆ ಇಲ್ಲ, ಹಾಜರಿ ಇಲ್ಲ. ಇಷ್ಟು ವರ್ಷ ದುಡಿಸ್ಕೊಂಡಿದೀರಾ? ಇವರೊಂದು ದೂರು ಬರೆದುಕೊಟ್ರೆ ಅಂಗಡಿಗೆ ಬೀಗ." ಆಮೇಲೆ ನನಗೆ, ಅನುಕಂಪದಿಂದ, "ಹೆದರಬೇಡಿ. ಏನಾದ್ರೂ ದೂರು ಇದೆಯಾ?"

ಇತ್ತು. ಬೇಕಾದಷ್ಟು ಇತ್ತು. ಆದರೆ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದರು. ಸೂಜಿ ಹಿಡಿದಾಗ ಕೂದಲೆಳೆಯಷ್ಟೂ ಅಲುಗದ ಬೆರಳು ಅದು.

"ನನ್ನ ಕೆಲಸ ಹೋಗಿ ಮನೇಲಿ ಕೂತಿದ್ದಾಗ ಈ ಕುರ್ಚಿ ಕೊಟ್ಟೋರೇ ಇವರು ಮೇಡಂ. ದೂರು ಏನೂ ಇಲ್ಲ."

ಹದಿನೈದು ದಿನದಲ್ಲಿ ಎಲ್ಲ ಸರಿಪಡಿಸಬೇಕು ಅಂತ ಬರೆದುಕೊಟ್ಟು ಹೋದರು.

"ಮೊದಲೇ ಹೇಳೋಕೇನಾಗಿತ್ತು ಅತ್ತೆ?"

"ಮುಖ ಸಪ್ಪಗೆ ಮಾಡ್ಕೊಂಡು ಮೂಲೇಲಿ ಕೂತಿರ್ತಿದ್ರಿ. ಯಜಮಾನ್ರೇ ಅಂತ ಯಾರೋ ಗಿರಾಕಿ ಕರೆದ ದಿನ ನಗ್ತಾ ಮನೆಗೆ ಬಂದ್ರಿ. ನಾನ್ಯಾಕೆ ಕೆಡಿಸ್ಲಿ?"

ಕಣ್ಣಿಗೆ ನೂಲಿನ ಧೂಳು ಬಿತ್ತು ಅಂದೆ. ಯಾರೂ ನಂಬಲಿಲ್ಲ.

ಮಾರ್ಚ್ 28, ಶುಕ್ರವಾರ

ಕೋಟು ಒಪ್ಪಿಗೆಯಾಯಿತು! ಅದೇ ಡಾಕ್ಟರು ಮೂರು ಸಲ ಉಸಿರೆಳೆದರು. ಕಾಜಾ ಜಪ್ಪಯ್ಯ ಅನ್ನಲಿಲ್ಲ. ಮುಂದಿನ ವರ್ಷವೂ ನಮಗೇ.

ನಿನ್ನೆಯಿಂದ ಅಷ್ಟೂ ಕಾಜಾಗೆ ಕೈಯಲ್ಲೇ ಮತ್ತೆ ಅಂಚು ಕಟ್ಟುತ್ತಾ ಕೂತ ಅತ್ತೆ ಊಟಕ್ಕಷ್ಟೇ ಎದ್ದದ್ದು. ಓವರ್‌ಟೈಮ್ ಎಷ್ಟಾಯಿತು ಅಂತ ಲೆಕ್ಕ ಕೇಳಿದರು. ಪೋಸ್ಟರ್ ಮುಂದೆ ನಿಲ್ಲಿಸಿ ತೋರಿಸಿದೆ — ಮಾಲೀಕರಿಗೆ ಓವರ್‌ಟೈಮ್ ಇಲ್ಲ.

ಮಾರ್ಚ್ 31, ಸೋಮವಾರ. ಟೀ ಹೊತ್ತು

ಇವತ್ತು ನನಗೆ ಅಪಾಯಿಂಟ್‌ಮೆಂಟ್ ಲೆಟರ್ ಬಂತು. ಮೂರು ತಿಂಗಳು ಪ್ರೊಬೇಷನ್ ಅಂತೆ! ಕೆಳಗೆ 'ಮಾಲೀಕರು', ಅತ್ತೆಯ ಸಹಿ. ಅಕ್ಷರ ದುಂಡಗಿದೆ ಅಂದೆ. ನಕ್ಕರು.

ಡೈರಿ ಇನ್ನು ಟೀ ವಿರಾಮದಲ್ಲಿ ಮಾತ್ರ. ಕೆಲಸದ ಹೊತ್ತಿನಲ್ಲಿ ಬರೆದರೆ ಸಂಬಳ ಕಡಿತ. ಹಾಗಂತ ಪೋಸ್ಟರಿನಲ್ಲಿ ಎಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ. ಅತ್ತೆಯ ಸ್ವಂತ ಕಾನೂನು.

ಪರವಾಗಿಲ್ಲ. ನನಗೆ ಗುರುವಾರ ವಾರದ ರಜೆ. ಜೀವನದಲ್ಲೇ ಮೊದಲನೆಯದು. ಏನು ಮಾಡಬೇಕೆಂದು ಆಗಲೇ ಯೋಚಿಸಿಟ್ಟಿದ್ದೇನೆ. ಮಧ್ಯಾಹ್ನ ಅಂಗಡಿಗೆ ಬರುವುದು. ಗಿರಾಕಿಗಳ ಸ್ಟೂಲಿನ ಮೇಲೆ ಆರಾಮಾಗಿ ಕೂರುವುದು. ಅತ್ತೆ ಸೂಜಿಗೆ ದಾರ ಪೋಣಿಸಿ ಮೊದಲನೇ ಕಾಜಾ ಶುರು ಮಾಡುತ್ತಿದ್ದ ಹಾಗೇ ಮೆಲ್ಲಗೆ, ಅವರಿಗೆ ಕೇಳಿಸುವಷ್ಟೇ ಮೆಲ್ಲಗೆ, "ಚ್ಚು…" ಅಂತ

ಗಡಿಯಾರ ತೋರಿಸುತ್ತಿದ್ದಾರೆ. ಬಂದೆ ಅತ್ತೆ, ಬಂ