ಕಾಫಿ ಸಿಪ್ಪೆಯ ಧೂಳು

೧೨ ಫೆಬ್ರವರಿ ೧೯೫೯, ಗುರುವಾರ. ಮೂರ್ನಾಡು.

ಸಣ್ಣಿಯ ವಿಷಯ ಇನ್ನೂ ತಲೆಯಿಂದ ಹೋಗಿಲ್ಲ. ಹನ್ನೆರಡು ವರ್ಷದಿಂದ ಮೊಣ್ಣಪ್ಪನವರ ಮಿಲ್ಲಿನಲ್ಲಿ ಕಾಫಿ ಸಿಪ್ಪೆ ಬಿಡಿಸುವ ಯಂತ್ರದ ಪಕ್ಕ ನಿಂತವಳು. ಇವತ್ತು ಬೆಳಿಗ್ಗೆ ಕೆಮ್ಮುತ್ತ ದವಾಖಾನೆಗೆ ಬಂದಳು. ಸ್ಟೆಥಸ್ಕೋಪ್ ಇಟ್ಟರೆ ಎದೆಯಲ್ಲಿ ಸಿಳ್ಳಿನಂಥ ಸದ್ದು. ಅದು ಧೂಳಿನದೇ, ಅನುಮಾನವಿಲ್ಲ.

"ಕೆಮ್ಮು ಇರ್ಲಿ ಡಾಕ್ಟ್ರೇ, ನಿನ್ನೆ ಕೆಲ್ಸ ಬಿಟ್ಟು ನಮ್ ಕೂಲಿಯೋರ ಲೈನ್ಮನೆಗೆ ಹೋಗೋ ದಾರೀನೇ ಮರ್ತುಹೋಯ್ತು. ದಾರೀಲಿ ನಿಂತು ಅತ್ತುಬಿಟ್ಟೆ," ಎಂದಳು. ವಯಸ್ಸು ಮೂವತ್ತೆಂಟು.

ಧೂಳು ಎದೆ ದಾಟಿ ಮಿದುಳಿಗೂ ಹೋಗುತ್ತದೆಯೇ? ನನ್ನ ಪುಸ್ತಕಗಳಲ್ಲೆಲ್ಲ ಹುಡುಕಿದೆ, ಒಂದು ಸಾಲೂ ಸಿಗಲಿಲ್ಲ.

ಸಂಜೆ ಮಿಲ್ಲಿಗೆ ಹೋಗಿ, ಅವಳನ್ನು ಹೊರಗೆ ಕಾಫಿ ಒಣಗಿಸುವ ಕಣದ ಕೆಲಸಕ್ಕೆ ಹಾಕಿ ಎಂದೆ.

"ಧೂಳಿಂದ ಮರೆವು ಬರ್ತದೆ ಅಂತ ಬರ್ದು ಕೊಡ್ತೀರಾ ಡಾಕ್ಟ್ರೇ?" ಎಂದು ಮೊಣ್ಣಪ್ಪ ಕೇಳಿದರು. ಕುಹಕದಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು.

ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ? ಎದೆಯ ಕಾಯಿಲೆ ಎಂದಷ್ಟೇ ಬರೆದುಕೊಟ್ಟೆ. ಅವರು ಒಪ್ಪಿದರು. ಸೋಮವಾರದಿಂದ ಸಣ್ಣಿ ಕಣಕ್ಕೆ.

ಹೊರಡುವಾಗ ಅವಳೇ ಬಾಗಿಲ ತನಕ ಬಂದಳು. "ಯಂತ್ರದ ಕೆಲ್ಸ ನನ್ ತಂಗಿ ಸಿದ್ದಿಗೇ ಕೊಟ್ರು, ನಿಮ್ಮಿಂದ ಉಪಕಾರ ಆಯ್ತು," ಎಂದು ಕೈ ಮುಗಿದಳು. ಸಿದ್ದಿಗೆ ಇನ್ನೂ ಇಪ್ಪತ್ತು. ನಾನು ತಲೆಯಾಡಿಸಿ ಬಂದುಬಿಟ್ಟೆ. ನಾಳೆ ಮತ್ತೆ ಹೋಗಬೇಕು. ಹೋಗಿ ಏನು ಹೇಳಲಿ? ಆ ಹುಡುಗಿಯ ಎದೆಯಲ್ಲಿ ಈಗ ಯಾವ ಸದ್ದೂ ಇಲ್ಲ.