ಕಿಟಕಿ ಮೇಲಿನ ಹಳದಿ ಹೂವಿನ ಕಪ್ಪು

ಪಾರ್ಸಿಪನಿ
೧೧ ಡಿಸೆಂಬರ್ ೧೯೯೮

ಪ್ರೀತಿಯ ಅಜ್ಜಿಗೆ ನಿರು ಮಾಡುವ ನಮಸ್ಕಾರ. ಕಣ್ಣಿನ ಆಪರೇಷನ್ ಆದಮೇಲೆ ಹೇಗಿದ್ದೀಯ? ಓದಿ ಆಯಾಸ ಮಾಡ್ಕೋಬಾರದು ಅಂತ ಈ ಸಲ ಕ್ಯಾಸೆಟ್ಟಿನಲ್ಲೇ ಮಾತಾಡ್ತಿದ್ದೀನಿ. ಮಧ್ಯೆ ಕರಕರ ಅಂದರೆ ಗಾಬರಿಯಾಗಬೇಡ, ಕೂತಲ್ಲಿ ಕೂರಕ್ಕಾಗದೆ ರೆಕಾರ್ಡರ್ ಹಿಡ್ಕೊಂಡು ಓಡಾಡ್ತಿದ್ದೀನಿ ಅಷ್ಟೆ.

ನನ್ನ ತಟ್ಟೆಗಳ ಹುಚ್ಚು ನಿನಗೆ ಗೊತ್ತಲ್ಲ. ಶನಿವಾರ ಇಲ್ಲಿಯವರು ಮನೆ ಮುಂದೆ ಹಳೇ ಸಾಮಾನು ಹರಡಿ ಮಾರ್ತಾರೆ, ನಾನು ಊರೂರು ಡ್ರೈವ್ ಮಾಡ್ಕೊಂಡು ಹೋಗಿ ಐವತ್ತರ ದಶಕದ ಇಂಗ್ಲೆಂಡಿನ ಪಿಂಗಾಣಿ ಹುಡುಕ್ತೀನಿ. ಕೈಯಲ್ಲೇ ಬರೆದ ಹೂವು, ತಿರುಗಿಸಿದರೆ ಬೆನ್ನಲ್ಲಿ ಕಾರ್ಖಾನೆಯ ಮೊಹರು, ಪಕ್ಕದಲ್ಲಿ ಬರೆದವಳ ಪುಟ್ಟ ಗುರುತು. ಗೋಡೆ ತುಂಬಾ ನೇತುಹಾಕಿದ್ದೀನಿ. ಊಟಕ್ಕೆ ಮಾತ್ರ ನೀನು ಕೊಟ್ಟ ಸ್ಟೀಲ್ ತಟ್ಟೆಗಳೇ. ಈ ಹುಚ್ಚು ಹತ್ತಿದ್ದೇ ಒಂದು ಹಳದಿ ಹೂವಿನ ಕಪ್ಪಿನಿಂದ. ಇಲ್ಲಿ ಮೊದಲ ಸಲ ಅದನ್ನ ನೋಡಿದಾಗ, ಅಯ್ಯೋ ಇದು ನಮ್ಮ ಮನೇದು ಅಂತ ಎದೆಗವಚಿಕೊಂಡಿದ್ದೆ.

ಹೋದ ಭಾನುವಾರ ಆಫೀಸಿನವರನ್ನ ಊಟಕ್ಕೆ ಕರೆದಿದ್ದೆ. ನಾಗಲಿಂಗಪ್ಪನೂ ಬಂದಿದ್ದ. ಗದಗಿನ ಕಡೆಯವನು, ನನ್ನ ಪಕ್ಕದ ಸೀಟು. ಸ್ನೋನಲ್ಲಿ ಕಾರು ಓಡಿಸೋದು ಕಲಿಸಿದ್ದೇ ಅವನು. ಬಡಿಸುವಾಗ ಸ್ಟೀಲ್ ತಟ್ಟೆ ಒಂದು ಕಮ್ಮಿ ಬಿತ್ತು. ಗೋಡೆಯಿಂದ ಅತಿ ಚೆಂದದ ತಟ್ಟೆ ಇಳಿಸಿ, ತೊಳೆದು, ಅವನ ಮುಂದೆ ಇಟ್ಟೆ. ಮರ್ಯಾದೆ ಮಾಡ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ. ಅವನು ಎಲ್ಲರ ತಟ್ಟೆ ಒಂದು ಸಲ ನೋಡಿದ. ಆಮೇಲೆ ನಕ್ಕೊಂಡೇ, "ನಮ್ಮವ್ವ ಬಟ್ಟಿ ಒಗಿಯಾಕ ಹೋಗ್ತಿದ್ದ ಮನ್ಯಾಗೂ ಹಿಂಗ ನೋಡು ನಿರು. ನಮಗಷ್ಟ ಹೂವಿನ ಕಪ್ಪು-ಬಸಿ, ಕಿಟಕ್ಯಾಗ ಇಟ್ಟಿರ್ತಿದ್ರು" ಅಂದ. ನಮ್ಮ ಆಫೀಸಿನ ಬದರಿ, "ಏ, ಇದು ಆಂಟೀಕ್ ಕಣಪ್ಪಾ" ಅಂದ. "ಅದೂ ಆಂಟೀಕೇ ಇತ್ತು ಬಿಡು" ಅಂತ ನಾಗಲಿಂಗಪ್ಪ ಪೂರ್ತಿ ಊಟ ಮಾಡಿ, ತಟ್ಟೆಯನ್ನ ತಾನೇ ತೊಳೆದಿಟ್ಟು ಹೋದ.

ಆಗ ನೆನಪಾಯ್ತು ಅಜ್ಜಿ. ನಮ್ಮ ಹಿತ್ತಲ ಕಿಟಕಿ ಮೇಲಿನ ಕಪ್ಪು. ಕೆಲಸದ ಶೈಲಮ್ಮ ಅದರಲ್ಲೇ ಕಾಫಿ ಕುಡಿದು, ತಾನೇ ತೊಳೆದು ಬೋರಲು ಹಾಕ್ತಿದ್ದಳು. ನಾನು ಮುಟ್ಟಿದ್ದಕ್ಕೆ ನೀನು "ಅದು ನಮ್ಮದಲ್ಲ ಪುಟ್ಟಿ" ಅಂದಿದ್ದೆ. ಇಷ್ಟು ವರ್ಷ ನನಗೆ ಅದರ ಹೂವು ಮಾತ್ರ ನೆನಪಿತ್ತು. ತಟ್ಟೆ ಕಮ್ಮಿ ಬಿದ್ದಿದ್ದೇನೋ ನಿಜ. ಆದರೆ ನೀನು ನನ್ನ ಹೆಸರು ಕೆತ್ತಿಸಿ ಕೊಟ್ಟಿದ್ದ ಸ್ಟೀಲ್ ತಟ್ಟೆ ನನ್ನ ಮುಂದೇನೇ ಇತ್ತು. ಅದನ್ನ ಅವನ ಕಡೆ ಸರಿಸಿ, ಹೂವಿನದರಲ್ಲಿ ನಾನು ಉಣ್ಣಬಹುದಿತ್ತು. ಅಷ್ಟು ಜನರಲ್ಲಿ ಅವನ ಮುಂದೆಯೇ ಯಾಕಿಟ್ಟೆ ಅಂತ ಕೇಳ್ಕೊಂಡರೆ ಮುಖ ಎಲ್ಲಿಡಬೇಕೋ ತಿಳಿಯಲ್ಲ. ಸೋಮವಾರ ಸಾರಿ ಕೇಳೋಕೆ ಹೋದೆ. "ಸಾರು ಛಲೋ ಆಗಿತ್ತು ಬಿಡ್ರಿ" ಅಂದು ಕಂಪ್ಯೂಟರಿನ ಕಡೆ ತಿರುಗಿದ. ಅಲ್ಲಿಯವರೆಗೂ ನನ್ನನ್ನ ಏ ನಿರು ಅಂತಿದ್ದವನು.

ಚಳೀಲಿ ಮಂಡಿಗೆ ಎಣ್ಣೆ ಹಚ್ಕೋ. ಮನೇಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಂತಿ ನಿನ್ನ,
ನಿರುಪಮಾ

ಮರೆತ ಮಾತು: ಈ ಕ್ಯಾಸೆಟ್ ತಂದುಕೊಟ್ಟನಲ್ಲ, ಆ ಎತ್ತರದ ಹುಡುಗ, ಅವನೇ ನಾಗಲಿಂಗಪ್ಪ. ಅಲ್ಲೇ ಮೈಸೂರಲ್ಲಿರೋ ತನ್ನ ಅಕ್ಕನ ಮನೆಗೆ ಹೊರಟಿದ್ದ, "ಅಜ್ಜಿಗೆ ಏನರ ಕೊಡೋದೈತೇನ್ರಿ" ಅಂತ ತಾನೇ ಕೇಳಿದ. ನಿನಗೆ ಫೋನಲ್ಲಿ ಮೊದಲೇ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಬಾಗಿಲಲ್ಲಿ ಯಾರ ಪೈಕಿಯಪ್ಪಾ ಅಂತ ಕೇಳಿರ್ತೀಯ. ಕಾಫಿ ಯಾವುದರಲ್ಲಿ ಕೊಟ್ಟೆ ಅಜ್ಜಿ? ಸಂಕ್ರಾಂತಿವರೆಗೂ ಅಲ್ಲೇ ಇರ್ತಾನೆ. ಇನ್ನೊಂದು ಸಲ ಕರಿ. ಒಳಗೆ ಕೂರಿಸಿ, ಅಲ್ಲಿರೋ ನನ್ನ ಹೆಸರಿನ ಸ್ಟೀಲ್ ಲೋಟದಲ್ಲಿ ಕೊಡು. ತೊಳೆಯೋಕೆ ಬಿಡಬೇಡ.